ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಳೆಗಳನ್ನು ಎಣಿಸುತ್ತ ಕಾರವಾರಕ್ಕೆ

ಪ್ರಶ್ನೆ: ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು ಗೆಳೆಯರು ಡಿಸೆಂಬರಿನಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರಿನಲ್ಲಿ ಹೋಗಬೇಕೆಂದಿದ್ದೇವೆ. ಚತುಷ್ಪಥವಾದ ಮೇಲೆ ಈ ದಾರಿಯಲ್ಲಿ ಇತಿಹಾಸವೇನೂ ಉಳಿದಿಲ್ಲ ಎಂಬುದು ಒಬ್ಬನ ವಾದ. ನಿಜವೇ? ಎಷ್ಟು ದಿನ ಇಟ್ಟುಕೊಳ್ಳಬೇಕು?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಸಾಲುಮರಗಳಿದ್ದ ಹಳೆಯ ರಸ್ತೆಯನ್ನು ಕಂಡವರಿಗೆ ಈಗಿನ ದಾರಿ ಬೋಳಾಗಿ ಕಾಣುವುದು ಸಹಜ; ನನಗೂ ಆ ನೋವಿದೆ. ಆದರೆ ಇತಿಹಾಸ ಉಳಿದಿಲ್ಲವೆಂಬ ಮಾತನ್ನು ಒಪ್ಪಲಾರೆ. 14ನೆಯ ಶತಮಾನದಲ್ಲಿ ಈ ಕರಾವಳಿಗೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ, ಗೋವೆಯಿಂದ ದಕ್ಷಿಣಕ್ಕೆ ಸಾಗುವ ದಾರಿಯುದ್ದಕ್ಕೂ ಮರಗಳ ನೆರಳಿತ್ತೆಂದೂ, ಅರ್ಧ ಮೈಲಿಗೊಂದರಂತೆ ದಾರಿಹೋಕರು ಕುಳಿತು ದಣಿವಾರಿಸಿಕೊಳ್ಳಲು ಮರದ ಮಾಡು, ಅದರ ಬಳಿ ಬಾವಿ, ನೀರು ಕೊಡಲು ಒಬ್ಬ ಆಳು ಇರುತ್ತಿದ್ದರೆಂದೂ ಹೇಳಿದ್ದಾನೆ. ನಾವು ಅರವಟ್ಟಿಗೆ ಎನ್ನುವುದು ಅದನ್ನೇ. ಅವನು ಹೆಸರಿಸಿದ ಮಂಜರೂರು, ಫಾಕನೂರು, ಹಿನೌರು ಎಂದರೆ ನಮ್ಮ ಮಂಗಳೂರು, ಬಾರಕೂರು, ಹೊನ್ನಾವರ. ನೀವು ಹೊರಟಿರುವ ದಾರಿಯಲ್ಲಿ ಈ ಮೂರೂ ಇದೇ ಕ್ರಮದಲ್ಲಿ ಸಿಗುತ್ತವೆ.

ಸುಮಾರು 270 ಕಿಲೋಮೀಟರಿನ ಈ ದೂರವನ್ನು ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಮೂರು ದಿನ ಇಟ್ಟುಕೊಳ್ಳಿ. ಊರುಗಳ ಬದಲು ಹೊಳೆಗಳನ್ನು ಎಣಿಸುತ್ತ ಹೋಗಿ: ಶಾಂಭವಿ, ಪಾಪನಾಶಿನಿ, ಸ್ವರ್ಣಾ, ಸೀತಾ, ಮುಂದೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ಹೊಳೆಯ ಕಡವಿನಲ್ಲೂ ದೋಣಿಗಾಗಿ ಕಾಯಬೇಕಿತ್ತು. ಒಳನಾಡಿನ ಅಕ್ಕಿ, ಮೆಣಸು ಕಡಲಿಗೆ ಇಳಿಯುತ್ತಿದ್ದುದೂ ಇವೇ ಹೊಳೆಗಳ ಮೂಲಕವಾದ್ದರಿಂದ ಬಂದರು, ಕೋಟೆಗಳೆಲ್ಲ ಇವುಗಳ ದಡದಲ್ಲೇ ಬೆಳೆದವು. ಅವು ಹೆದ್ದಾರಿಯಿಂದ ಕಾಣುವುದಿಲ್ಲ. ಬ್ರಹ್ಮಾವರದಲ್ಲಿ ಬಲಕ್ಕೆ ತಿರುಗಿದರೆ ಆಳುಪರ ರಾಜಧಾನಿಯಾಗಿದ್ದ ಬಾರಕೂರು, ಕುಂದಾಪುರದಿಂದ ಒಳಗೆ ಹೋದರೆ 1665ರಲ್ಲಿ ಶಿವಾಜಿ ಹಡಗುಗಳೊಡನೆ ಬಂದು ಸೂರೆಮಾಡಿದ ಬಸ್ರೂರು. ಬಾರಕೂರಿಗೆ ಅರ್ಧ ದಿನವನ್ನಾದರೂ ಕೊಡಿ.

ಮರವಂತೆಯಲ್ಲಿ ಕಾರಿನಿಂದ ಇಳಿದು ಸುಮ್ಮನೆ ನಿಲ್ಲಿ. ಎಡಗಡೆ ಅಲೆಗಳು ಬಂಡೆಗಳಿಗೆ ಅಪ್ಪಳಿಸುವ ಸದ್ದು; ರಸ್ತೆಯ ಅಗಲವಷ್ಟೇ ದಾಟಿದರೆ ಬಲಗಡೆ ಸೌಪರ್ಣಿಕೆಯ ನೀರು, ಅದರಲ್ಲಿ ತೆಂಗಿನ ಮರಗಳ ನೆರಳು ಅಲುಗದೆ ಬಿದ್ದಿರುತ್ತದೆ. ಕುಮಟಾ ದಾಟಿದ ಮೇಲೆ ಸಿಗುವ ಮಿರ್ಜಾನ್ ಕೋಟೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ನೆನೆಯುತ್ತಾರೆ. ಮಳೆಗಾಲದಲ್ಲಿ ಅದರ ಮುರಕಲ್ಲಿನ ಗೋಡೆಗಳನ್ನು ಮುಚ್ಚುವ ಹಾವಸೆ ಡಿಸೆಂಬರಿಗೆ ಒಣಗುತ್ತ ಬಂದು, ಕಲ್ಲಿನ ಕೆಂಪು ಮತ್ತೆ ಹೊರಗೆ ಇಣುಕುತ್ತಿರುತ್ತದೆ.

ಪ್ರಶ್ನೆ: ಇದೇ ದಾರಿಯಲ್ಲಿ ಜುಲೈ ತಿಂಗಳಿನಲ್ಲಿ ಗೆಳೆಯರೊಡನೆ ಬೈಕಿನಲ್ಲಿ ಹೋಗಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ದಯವಿಟ್ಟು ಬೇಡ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸಿಕ್ಕಿಬಿದ್ದವರಲ್ಲಿ ಚಹಾದಂಗಡಿಯ ಮನೆಯವರೂ ಅಲ್ಲಿ ವಾಹನ ನಿಲ್ಲಿಸಿದ್ದವರೂ ಇದ್ದರು. ಮಣ್ಣು ರಸ್ತೆಯನ್ನು ದಾಟಿ ಗಂಗಾವಳಿ ಹೊಳೆಯವರೆಗೂ ನುಗ್ಗಿತು. ಜಡಿಮಳೆಯಲ್ಲಿ ದಿನಗಟ್ಟಲೆ ನೆನೆದ ಮುರಮಣ್ಣಿನ ಗುಡ್ಡ ಕುಸಿಯಲು ಕ್ಷಣ ಸಾಕು. ನವೆಂಬರ್ ಬರಲಿ, ಆಗ ಹೊರಡಿ.