ಮುಖ ಕಾಣದಿದ್ದರೂ ದುಃಖ ಕಾಣುತ್ತದೆಯೇ?

ಮುಖ ನೋಡದೆ ಬರೀ ನಿಲುವು, ನಡಿಗೆಯಿಂದ ಒಬ್ಬರ ಭಾವನೆ ತಿಳಿಯಬಹುದೇ, ಅದು ಹುಟ್ಟಿನಿಂದ ಬರುವುದೋ ಕಲಿತದ್ದೋ ಎಂದು ಕೇಳಿದ್ದೀರಿ.

ಖಂಡಿತ ತಿಳಿಯಬಹುದು. ನಾನು ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಹವ್ಯಾಸಿಯಾಗಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಮಾಡುವವನು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಚುಟ್ಟಿ, ಅಂದರೆ ಉಬ್ಬುಚುಕ್ಕೆಗಳನ್ನು ಇಟ್ಟ ಮೇಲೆ ಕೆನ್ನೆ, ಹುಬ್ಬು ನಮ್ಮ ಮಾತು ಕೇಳುವುದಿಲ್ಲ. ಕಣ್ಣೊಂದು ಉಳಿಯುತ್ತದೆ, ಅದೂ ಹಿಂದೆ ಕುಳಿತವರಿಗೆ ಕಾಣದು. ಉಳಿದದ್ದೆಲ್ಲ ಮೈಯಿಂದಲೇ ಆಗಬೇಕು.

ಮೊದಮೊದಲು, ಇಂದ್ರಜಿತು ಸತ್ತ ಸುದ್ದಿ ಕೇಳಿದ ರಾವಣನಾಗಿ ನಾನು ಎದೆ ಎದೆ ಬಡಿದುಕೊಳ್ಳುತ್ತಿದ್ದೆ. ಒಮ್ಮೆ ಗುರುಗಳು ಅಭ್ಯಾಸ ನಿಲ್ಲಿಸಿ ನನ್ನ ಬೆನ್ನಿನ ಮೇಲೆ, ಎರಡು ಹೆಗಲುಗಳ ನಡುವೆ ಅಂಗೈ ಇಟ್ಟರು. "ಕೈ ಅಳುತ್ತಿದೆ ಮಾರಾಯ, ಬೆನ್ನು ಇನ್ನೂ ಗೆದ್ದವನದ್ದೇ" ಎಂದರು. ಆಮೇಲೆ ತಾವೇ ಮಾಡಿ ತೋರಿಸಿದರು. ಉಸಿರನ್ನು ಪೂರ್ತಿ ಹೊರಗೆ ಬಿಟ್ಟರು, ತಕ್ಷಣ ಒಳಗೆಳೆದುಕೊಳ್ಳಲಿಲ್ಲ. ಎದೆ ಕುಸಿಯಿತು, ಹೆಗಲು ತಾನಾಗಿ ಇಳಿಯಿತು, ಮೈಭಾರವೆಲ್ಲ ಹಿಮ್ಮಡಿಗೆ ಬಂತು. ಹಿಂದಿದ್ದ ಸ್ಟೂಲನ್ನು ತಿರುಗಿ ನೋಡದೆ ಕೈಯಿಂದ ತಡಕಿದರು. ಆ ತಡಕಾಟ ಕಂಡು ನನಗೆ ಕಣ್ಣು ತುಂಬಿತು. ನಾನು ನಿಂತಿದ್ದುದು ಅವರ ಹಿಂದೆ. ಅವರ ಮುಖ ನನಗೆ ಕಂಡಿರಲೇ ಇಲ್ಲ.

ಅಂದಿನಿಂದ ನಾನು ಮೊದಲು ಗಮನಿಸುವುದು ಉಸಿರು ಮತ್ತು ಮೈಭಾರ. ಸಿಟ್ಟಿನಲ್ಲಿ ಭಾರ ಮುಂಗಾಲಿಗೆ ನುಗ್ಗುತ್ತದೆ. ಹೆದರಿಕೆಯಲ್ಲಿ ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ. ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಒಳಗಿನ ಭಾವ ತಾನಾಗಿ ಮೈಯಲ್ಲಿ ಕಾಣುವ ಬಗೆಗಳಲ್ಲಿ, ಸ್ತಂಭವೂ ಒಂದು, ಮೈ ಮರಗಟ್ಟಿ ನಿಲ್ಲುವುದು. ಅಲುಗಾಡದೆ ಇರುವುದೂ ಅಭಿನಯವೇ. ನನಗಂತೂ ಅದೇ ಅತ್ಯಂತ ಕಷ್ಟದ್ದು.

ಹುಟ್ಟಿನಿಂದಲೋ ಕಲಿತದ್ದೋ ಎಂಬುದಕ್ಕೆ ಒಂದು ಒಳ್ಳೆಯ ಅಧ್ಯಯನವಿದೆ. ಮನಶ್ಶಾಸ್ತ್ರಜ್ಞರಾದ ಜೆಸಿಕಾ ಟ್ರೇಸಿ ಮತ್ತು ಡೇವಿಡ್ ಮಾಟ್ಸುಮೋಟೊ 2004ರ ಅಥೆನ್ಸ್ ಒಲಿಂಪಿಕ್ಸ್ ಹಾಗೂ ಪ್ಯಾರಾಲಿಂಪಿಕ್ಸ್‌ನ ಜೂಡೋ ಪಟುಗಳ ಚಿತ್ರಗಳನ್ನು ಪರಿಶೀಲಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟು ಕುರುಡರೂ ಗೆದ್ದಾಗ ತೋಳೆತ್ತಿ ಎದೆಯುಬ್ಬಿಸಿದರು, ಸೋತಾಗ ಹೆಗಲು ಇಳಿಬಿಟ್ಟರು. ಇನ್ನೊಬ್ಬರನ್ನು ನೋಡಿ ಕಲಿಯುವ ಅವಕಾಶವೇ ಅವರಿಗಿರಲಿಲ್ಲ. ಆದರೆ ಪಾಶ್ಚಾತ್ಯ ದೇಶಗಳ ಕಣ್ಣುಳ್ಳ ಪಟುಗಳಲ್ಲಿ ಸೋಲಿನ ಆ ಕುಗ್ಗುವಿಕೆ ಅಷ್ಟಾಗಿ ಕಾಣಲಿಲ್ಲ. ತೋರಿಸುವುದು ಹುಟ್ಟಿನಿಂದ ಬಂದರೆ, ಅಡಗಿಸುವುದನ್ನು ಸಮಾಜ ಕಲಿಸುತ್ತದೆ ಎಂದು ನನಗನ್ನಿಸುತ್ತದೆ.

ಅವಕಾಶವಾದರೆ ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿ. ಕೆತ್ತಿದ ಮರದ ಮುಖ ಕಥೆ ಮುಗಿಯುವವರೆಗೂ ಬದಲಾಗುವುದಿಲ್ಲ. ಸೂತ್ರಧಾರ ದಾರವನ್ನು ತುಸು ಸಡಿಲಿಸಿ ಕುತ್ತಿಗೆ ಬಾಗಿಸಿದನೆಂದರೆ, ಗೊಂಬೆ ಅಳುತ್ತಿದೆ ಎಂದು ಪಕ್ಕದಲ್ಲಿ ಕುಳಿತ ಮಗುವೇ ನಿಮಗೆ ಹೇಳುತ್ತದೆ.