ಸಾಧನ ಮಾಡುವ ಮೊದಲು ಬಳಸುವವರನ್ನು ಕೇಳಿ

ಅಂಗವೈಕಲ್ಯ ಇರುವವರಿಗೆ ಕಡಿಮೆ ಖರ್ಚಿನಲ್ಲಿ ಸಹಾಯಕ ಸಾಧನ ಮಾಡಿಕೊಡಲು ಹೊರಟ ಸ್ವಯಂಸೇವಕರೂ ಮನೆಯವರೂ ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಇಂಥ ತಂಡಗಳ ಜೊತೆ ಕೆಲಸ ಮಾಡುವ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಒಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಕಾಲೇಜಿನಲ್ಲಿ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕೂರಿಸಿ ವಸ್ತು ಮಾಡುವ ತ್ರೀಡಿ ಪ್ರಿಂಟರ್ ಇದೆ. ಪರಿಚಯದವರ ಒಂಬತ್ತು ವರ್ಷದ ಮಗನಿಗೆ ಹುಟ್ಟಿನಿಂದಲೇ ಎಡಗೈಯಲ್ಲಿ ಬೆರಳುಗಳಿಲ್ಲ. ಉಚಿತವಾಗಿ ಸಿಗುವ ಕೃತಕ ಕೈಯ ವಿನ್ಯಾಸವನ್ನು ಇಳಿಸಿಕೊಂಡಿದ್ದೇವೆ. ಅವನಿಗೆ ಮಾಡಿಕೊಡಬಹುದೇ?

ಮಾಡಿಕೊಡಬಹುದು. ಆದರೆ ಪ್ರಿಂಟರ್ ಶುರು ಮಾಡುವ ಮೊದಲು ಆ ಹುಡುಗನ ಜೊತೆ ಕೂತು ಮಾತಾಡಿ. ಅಪ್ಪ ಅಮ್ಮನ ಜೊತೆ ಮಾತಾಡಿದರೆ ಸಾಲದು. "ನಿನಗೆ ಯಾವ ಕೆಲಸ ಮಾಡೋಕೆ ಕಷ್ಟ ಆಗುತ್ತೆ?" ಎಂದು ಅವನನ್ನೇ ಕೇಳಿ, ಅವನು ಆ ಕೆಲಸ ಮಾಡುವಾಗ ಸುಮ್ಮನೆ ನೋಡಿ. ಹುಟ್ಟಿನಿಂದ ಬೆರಳಿಲ್ಲದ ಮಕ್ಕಳು ಇರುವ ಕೈಯಲ್ಲೇ ಎಷ್ಟೋ ಕೆಲಸ ಕಲಿತುಬಿಟ್ಟಿರುತ್ತಾರೆ. ಅವರ ಅಂಗೈಗೆ ಬಿಸಿ, ತಂಪು, ನುಣುಪು, ಒರಟು ಎಲ್ಲವೂ ತಿಳಿಯುತ್ತದೆ. ಅದನ್ನು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದರೆ ಆ ಅರಿವು ಅಷ್ಟು ಹೊತ್ತು ಇಲ್ಲದಂತಾಗುತ್ತದೆ. "ಸ್ಕಿಪ್ಪಿಂಗ್ ಹಗ್ಗದ ಹಿಡಿ ಕೈಯಲ್ಲಿ ನಿಲ್ಲಲ್ಲ" ಎಂದು ಅವನು ಹೇಳಿದರೆ ಐದು ಬೆರಳಿನ ಕೈ ಬೇಕಾಗಿಲ್ಲ, ಹಿಡಿಯನ್ನು ಕೈಗೆ ಕಟ್ಟುವ ವೆಲ್ಕ್ರೋ ಪಟ್ಟಿ ಸಾಕು. ಹಾಗಲ್ಲದೆ "ನನಗೆ ಕೆಂಪು ಬಣ್ಣದ ರೋಬೋಟ್ ಕೈ ಬೇಕು" ಎಂದರೆ, ಅದೂ ಒಳ್ಳೆಯ ಕಾರಣವೇ. ಜೊತೆಯ ಮಕ್ಕಳ ನಡುವೆ ಹೆಮ್ಮೆಯಿಂದ ಕೈ ತೋರಿಸುವುದು ಸಣ್ಣ ವಿಷಯವಲ್ಲ. ಖಂಡಿತ ಮಾಡಿಕೊಡಿ.

ನೀವು ಇಳಿಸಿಕೊಂಡಿರುವಂಥ ವಿನ್ಯಾಸಗಳ ಹಿಂದೆ ಒಂದು ಕಥೆ ಇದೆ. ದಕ್ಷಿಣ ಆಫ್ರಿಕಾದ ಬಡಗಿ ರಿಚರ್ಡ್ ವ್ಯಾನ್ ಆಸ್ 2011ರಲ್ಲಿ ಗರಗಸಕ್ಕೆ ಸಿಕ್ಕಿ ಬೆರಳು ಕಳೆದುಕೊಂಡರು. ಅಮೆರಿಕದ ಐವನ್ ಓವನ್ ವೇಷಕ್ಕೆಂದು ಮಾಡಿದ್ದ ದೊಡ್ಡ ಯಾಂತ್ರಿಕ ಕೈಯ ವಿಡಿಯೊ ನೋಡಿ ಅವರನ್ನು ಸಂಪರ್ಕಿಸಿದರು. ಇಬ್ಬರೂ ಸೇರಿ ಬೆರಳಿಲ್ಲದ ಪುಟ್ಟ ಹುಡುಗನೊಬ್ಬನಿಗೂ ಕೈ ಮಾಡಿಕೊಟ್ಟರು. 2013ರ ಆರಂಭದಲ್ಲಿ, ಪೇಟೆಂಟ್ ಮಾಡಿಕೊಳ್ಳದೆ, ಅದರ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ವರ್ಷ ಇ-ನೇಬಲ್ ಎಂಬ ಸ್ವಯಂಸೇವಕರ ಜಾಲ ಹುಟ್ಟಿಕೊಂಡಿತು.

ಈ ಬಗೆಯ ಕೈಗಳಲ್ಲಿ ಮೋಟಾರು ಇರುವುದಿಲ್ಲ. ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿದಾಗ ದಾರಗಳು ಬಿಗಿಯಾಗಿ ಬೆರಳು ಮಡಚಿಕೊಳ್ಳುತ್ತವೆ, ಸಡಿಲ ಬಿಟ್ಟಾಗ ಎಲಾಸ್ಟಿಕ್ ಅವನ್ನು ಬಿಚ್ಚುತ್ತದೆ. ಹಾಗಾಗಿ ಹುಡುಗನಿಗೆ ಅಂಗೈಯ ಭಾಗ ಸ್ವಲ್ಪವಾದರೂ ಇರಬೇಕು, ಮಣಿಕಟ್ಟು ಕನಿಷ್ಠ 30 ಡಿಗ್ರಿಯಷ್ಟು ಬಗ್ಗಬೇಕು. ಮಣಿಕಟ್ಟಿಲ್ಲದವರಿಗೆ ಮೊಣಕೈ ಬಲದಿಂದ ನಡೆಯುವ ಬೇರೆ ವಿನ್ಯಾಸಗಳಿವೆ. ತ್ರೀಡಿ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಕೈ ಸೊಟ್ಟಗಾಗಬಹುದು ಎಂದು ಮನೆಯವರಿಗೆ ಮೊದಲೇ ಹೇಳಿ. ನೀರಿನ ಬಾಟಲಿ, ಚೆಂಡು ಹಿಡಿಯಲು ಈ ಕೈ ಆಗುತ್ತದೆ. ಜೋತಾಡಲು, ಮರ ಹತ್ತಲು, ಭಾರ ಎತ್ತಲು ಖಂಡಿತ ಆಗದು.

ಮೊದಲ ಸಲ ಸ್ವಲ್ಪ ಹೊತ್ತು ಮಾತ್ರ ಹಾಕಿಸಿ, ತೆಗೆದು ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯೊಳಗೆ ಮಾಸದಿದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ. ಆ ಜಾಗವನ್ನು ಸರಿಪಡಿಸುವವರೆಗೆ ಮತ್ತೆ ಹಾಕಿಸಬೇಡಿ. ಹುಡುಗ ಬೆಳೆದಂತೆ ಹೊಸ ಅಳತೆಯ ಕೈ ಬೇಕಾಗುತ್ತದೆ. ಈಗ ಒಂದು ಮಾಡಿಕೊಟ್ಟು ಕಾಲೇಜು ಮುಗಿಸಿ ಹೊರಟುಬಿಡುವುದಾದರೆ, ಮುಂದಿನದನ್ನು ಯಾರು ಮಾಡುತ್ತಾರೆ ಎಂದು ಈಗಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ನನ್ನ ಆರು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇದೆ. ಬ್ಯಾಟರಿ ಆಟಿಕೆಗಳೆಂದರೆ ಪ್ರಾಣ, ಆದರೆ ಅದರ ಪುಟ್ಟ ಗುಂಡಿ ಒತ್ತಲು ಅವಳಿಗೆ ಆಗುವುದಿಲ್ಲ. ಯಾವಾಗಲೂ ನಾವೇ ಆನ್ ಮಾಡಿಕೊಡಬೇಕು. ನನ್ನ ತಮ್ಮನಿಗೆ ಎಲೆಕ್ಟ್ರಾನಿಕ್ಸ್ ಕೆಲಸ ಬರುತ್ತದೆ. ಏನಾದರೂ ಮಾಡಬಹುದೇ?

ತಾಯಿಯೊಬ್ಬರು ಈ ಪ್ರಶ್ನೆ ಕೇಳಿದಾಗ ನನಗೆ ತುಂಬ ಸಂತೋಷವಾಗುತ್ತದೆ. ಇಷ್ಟು ಸಣ್ಣ ಕೆಲಸದಿಂದ ಮಗುವಿನ ದಿನದಲ್ಲಿ ಇಷ್ಟು ದೊಡ್ಡ ಬದಲಾವಣೆ ತರುವ ಸಾಧನ ಇನ್ನೊಂದಿಲ್ಲ.

ಸ್ವಿಚ್ಚನ್ನು ಆಚೀಚೆ ಸರಿಸಿದ ತಕ್ಷಣ ಓಡಲು ಶುರು ಮಾಡುವ ಆಟಿಕೆಯಾದರೆ ಬಿಚ್ಚುವುದೇ ಬೇಡ. ಎರಡೂ ಬದಿಗೆ ತಾಮ್ರದ ಹೊದಿಕೆ ಇರುವ ತೆಳ್ಳನೆಯ ಸರ್ಕ್ಯೂಟ್ ಬೋರ್ಡಿನಿಂದ ಬ್ಯಾಟರಿ ತುದಿಯಷ್ಟಗಲದ ಬಿಲ್ಲೆಯೊಂದನ್ನು ಕತ್ತರಿಸಿಕೊಳ್ಳಲು ತಮ್ಮನಿಗೆ ಹೇಳಿ. ಬಿಲ್ಲೆಯ ಒಂದೊಂದು ಮುಖಕ್ಕೂ ಒಂದೊಂದು ತಂತಿಯನ್ನು ಬೆಸೆಯಬೇಕು. ತಂತಿಗಳ ಇನ್ನೊಂದು ತುದಿಗೆ 3.5 ಮಿಲಿಮೀಟರಿನ ಮೋನೋ ಸಾಕೆಟ್ (ಇಯರ್‌ಫೋನ್ ಸಿಕ್ಕಿಸುವಂಥ ತೂತು) ಹಾಕಬೇಕು. ಆಮೇಲೆ ಬಿಲ್ಲೆಯನ್ನು ಬ್ಯಾಟರಿಗೂ ಅದು ತಾಗುವ ಲೋಹದ ಪಟ್ಟಿಗೂ ನಡುವೆ ತೂರಿಸಿ, ಆಟಿಕೆಯ ಸ್ವಿಚ್ಚನ್ನು ಆನ್ ಮಾಡಿಯೇ ಇಡಿ. ಬಿಲ್ಲೆಯ ಒಳಪದರ ವಿದ್ಯುತ್ತನ್ನು ತಡೆಯುವುದರಿಂದ ಆಟಿಕೆ ಸುಮ್ಮನಿರುತ್ತದೆ. ಸಾಕೆಟ್ಟಿಗೆ ಸಿಕ್ಕಿಸಿದ ದೊಡ್ಡ ಗುಂಡಿಯನ್ನು ಮಗಳು ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಹೊಟ್ಟೆ ಅಮುಕಿದರೆ ಹಾಡುವ, ಗುಂಡಿ ಒತ್ತಿದರೆ ಮಾತಾಡುವ ಬೊಂಬೆಗಳಿಗೆ ಈ ಉಪಾಯ ನಡೆಯದು. ಅವುಗಳಲ್ಲಿ ಬ್ಯಾಟರಿ ಸಂಪರ್ಕವಾದರೂ ಗುಂಡಿಗಾಗಿ ಕಾಯುತ್ತಿರುತ್ತವೆ. ಹೊಲಿಗೆ ಬಿಚ್ಚಿ, ಒಳಗಿನ ಗುಂಡಿಯ ಎರಡು ತುದಿಗಳಿಗೆ ಸಮಾನಾಂತರವಾಗಿ ಸಾಕೆಟ್ಟನ್ನು ಬೆಸೆದು ಮತ್ತೆ ಹೊಲಿಯಬೇಕು. 3.5 ಮಿ.ಮೀ. ಸಾಕೆಟ್ಟೇ ಏಕೆಂದರೆ ಅಂಗವೈಕಲ್ಯ ಇರುವವರಿಗಾಗಿ ತಯಾರಾಗುವ ಸ್ವಿಚ್ಚುಗಳು ಹೆಚ್ಚಾಗಿ ಇದೇ ಅಳತೆಯವು. ಇಂದು ಆಟಿಕೆಗೆ ಬಳಸಿದ ಗುಂಡಿಯೇ ಮುಂದೆ ಕಂಪ್ಯೂಟರಿಗೂ, ಮಾತಾಡಲು ಆಗದವರ ಪರವಾಗಿ ಮಾತಾಡುವ ಸಾಧನಕ್ಕೂ ಹೊಂದಿಕೊಳ್ಳುತ್ತದೆ. "ನಾನು ಒತ್ತಿದ್ದರಿಂದ ಇದಾಯಿತು" ಎಂದು ಆಟದಲ್ಲಿ ಕಲಿಯುವ ಮಗು ಆ ಸಾಧನಗಳಿಗೂ ತಯಾರಾಗುತ್ತಿರುತ್ತದೆ.

ಗುಂಡಿ ಕೈಗೇ ಸಿಗಬೇಕೆಂದಿಲ್ಲ. ಅವಳು ಸುಸ್ತಾಗದೆ, ಬೇಕೆಂದಾಗ ಮಾಡಬಲ್ಲ ಚಲನೆ ಯಾವುದೆಂದು ಹುಡುಕಿ. ಕೆಲವರಿಗೆ ಅದು ಮೊಣಕಾಲು, ಕೆಲವರಿಗೆ ತಲೆಯ ಪಕ್ಕ. ಒತ್ತಲು ಅವಳಿಗೆ ಸಮಯ ಕೊಡಿ. ದೊಡ್ಡವರು ತಾಳ್ಮೆಗೆಟ್ಟು ತಾವೇ ಒತ್ತಿಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ತಂತಿ ಕತ್ತಿಗೆ ಸುತ್ತಿಕೊಳ್ಳದಂತೆ ಮೇಜಿಗೆ ಬಿಗಿಯಬೇಕು. ನುಂಗಿದರೆ ಜೀವಕ್ಕೇ ಅಪಾಯವಾಗುವ ಬಟನ್ ಬ್ಯಾಟರಿಯ ಆಟಿಕೆ ಬೇಡ. ಗೋಡೆಯ ಪ್ಲಗ್ಗಿಗೆ ಹಾಕುವ ಯಾವ ವಸ್ತುವಿಗೂ ಈ ಪ್ರಯೋಗ ಮಾಡಲೇಬೇಡಿ.

ಪ್ರಶ್ನೆ: ಪಾರ್ಶ್ವವಾಯುವಿನ ನಂತರ ತಂದೆಯವರಿಗೆ ಚಮಚ ಗಟ್ಟಿಯಾಗಿ ಹಿಡಿಯಲು ಆಗುತ್ತಿಲ್ಲ. ತ್ರೀಡಿ ಪ್ರಿಂಟರಿನಲ್ಲಿ ವಿಶೇಷ ಚಮಚ ಮಾಡಿಸಬೇಕೇ?

ಬೇಡ. ಪೈಪುಗಳಿಗೆ ಹೊದಿಸುವ ಫೋಮ್ ಕೊಳವೆಯ ತುಂಡನ್ನು ಮಾಮೂಲಿ ಸ್ಟೀಲ್ ಚಮಚದ ಹಿಡಿಗೆ ತೂರಿಸಿ ನೋಡಿ. ಹಿಡಿ ದಪ್ಪವಾದಷ್ಟೂ ಬೆರಳುಗಳು ಕಡಿಮೆ ಮಡಚಿದರೆ ಸಾಕು. ಬೆರಳಿಗೆ ಬಲವೇ ಇಲ್ಲದಿದ್ದರೆ ಅಂಗೈ ಸುತ್ತ ವೆಲ್ಕ್ರೋ ಪಟ್ಟಿ ಕಟ್ಟಿ, ಅದರ ಜೇಬಿನಲ್ಲಿ ಚಮಚ ಸಿಕ್ಕಿಸಬಹುದು. ಅದೇ ಪಟ್ಟಿಗೆ ಪೆನ್ನು, ಹಲ್ಲುಜ್ಜುವ ಬ್ರಷ್ಷು ಕೂಡ ಆಗುತ್ತದೆ. ಪ್ರಿಂಟ್ ಮಾಡಿದ ಭಾಗ ಬಾಯಿಗೆ ಹೋಗುವುದು ಒಳ್ಳೆಯದಲ್ಲ. ಪದರಗಳ ನಡುವಿನ ಸಂದುಗಳಲ್ಲಿ ಆಹಾರದ ಕಣ ಉಳಿಯುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಚಮಚದ ಯೋಚನೆ ಆಮೇಲೆ, ಮೊದಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಸ್ವಯಂಸೇವಕರ ತಂಡದಲ್ಲಿ ವೆಲ್ಡಿಂಗ್ ಬಲ್ಲವರಿದ್ದಾರೆ. ಪ್ಲಾಸ್ಟಿಕ್ ಕುರ್ಚಿಗೆ ಸೈಕಲ್ ಚಕ್ರ ಜೋಡಿಸಿ ಅಗ್ಗದ ವೀಲ್‌ಚೇರ್ ಮಾಡಿ ಹಂಚಬೇಕೆಂದಿದ್ದೇವೆ. ಸಲಹೆ ಕೊಡಿ.

ನಿಮ್ಮ ಉತ್ಸಾಹಕ್ಕೆ ಮನಸಾರೆ ವಂದನೆ. ಆದರೆ ದಯವಿಟ್ಟು ಹಂಚಬೇಡಿ.

ವೀಲ್‌ಚೇರ್ ಎಂದರೆ ಚಕ್ರವಿರುವ ಕುರ್ಚಿ ಮಾತ್ರವಲ್ಲ, ಒಬ್ಬರು ದಿನವಿಡೀ ಕೂರುವ ಜಾಗ. ಸೀಟು ತುಂಬ ಅಗಲವಾದರೆ ದೇಹ ಒಂದು ಪಕ್ಕಕ್ಕೆ ವಾಲುತ್ತದೆ, ಚಕ್ರ ಕೈಗೆ ಸರಿಯಾಗಿ ಎಟುಕುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೃಷ್ಠದಲ್ಲಿ ಸ್ಪರ್ಶಜ್ಞಾನ ಇಲ್ಲದಿರಬಹುದು. ಗಟ್ಟಿ ಸೀಟಿನ ಮೇಲೆ ಕೂತರೆ ಮೂಳೆ ಒತ್ತುವ ಜಾಗಕ್ಕೆ ರಕ್ತ ಹರಿಯುವುದು ನಿಂತು ಚರ್ಮ ಸಾಯುತ್ತದೆ, ನೋವೇ ಗೊತ್ತಾಗದ ಕಾರಣ ಹುಣ್ಣು ಆಳಕ್ಕಿಳಿದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ. ಅದಕ್ಕೆ ನಂಜು ತಗುಲಿದರೆ ಪ್ರಾಣಾಪಾಯ. ಒತ್ತಡ ಹಂಚುವ ಕುಶನ್ ಇಲ್ಲದ ವೀಲ್‌ಚೇರನ್ನು ಇಂಥವರಿಗೆ ಕೊಡುವುದು ಉಪಕಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯೂ ವೀಲ್‌ಚೇರ್ ಕೊಡುವಾಗ ವ್ಯಕ್ತಿಯ ತಪಾಸಣೆ, ಹೊಂದಿಸುವಿಕೆ, ತರಬೇತಿ, ಆಮೇಲಿನ ವಿಚಾರಣೆ ಇರಬೇಕು ಎನ್ನುತ್ತದೆ.

ನೀವು ಹೇಳಿದಂಥ ಕುರ್ಚಿಯನ್ನು ಮಾಡಿದವರಿದ್ದಾರೆ. ಅಮೆರಿಕದ ಫ್ರೀ ವೀಲ್‌ಚೇರ್ ಮಿಷನ್ 2001ರಿಂದ ಪ್ಲಾಸ್ಟಿಕ್ ಕುರ್ಚಿಯ ಮಾದರಿಯನ್ನು ದೊಡ್ಡ ಪ್ರಮಾಣದಲ್ಲಿ ಹಂಚಿತು. ಆ ಸಂಸ್ಥೆಯೇ ಮುಂದೆ ಅಳತೆ ಹೊಂದಿಸಬಲ್ಲ ಮಾದರಿಗಳನ್ನೂ ತಂದಿತು. ಇನ್ನೊಂದು ದಾರಿಯೂ ಇದೆ, ನನಗೆ ಹೆಚ್ಚು ಗೌರವ ಇರುವುದು ಅದರ ಮೇಲೆ. ಮೆಕ್ಸಿಕೊದ ಹಳ್ಳಿಯೊಂದರಲ್ಲಿ 1981ರಲ್ಲಿ ಶುರುವಾದ ಪ್ರೊಹಿಮೊ ಕೇಂದ್ರದಲ್ಲಿ ಅಂಗವೈಕಲ್ಯ ಇರುವವರೇ ವೀಲ್‌ಚೇರ್ ಮಾಡುವವರಾದರು. 1966ರ ಮೋಟಾರ್‌ಸೈಕಲ್ ಅಪಘಾತದ ನಂತರ ತಾವೇ ವೀಲ್‌ಚೇರ್ ಬಳಕೆದಾರರಾದ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್ ಹಲವು ದೇಶಗಳ ಬಳಕೆದಾರರ ಜೊತೆ ಕೂತು, ಸ್ಥಳೀಯವಾಗಿ ರಿಪೇರಿ ಮಾಡಬಲ್ಲ, ಒರಟು ನೆಲದ ಮೇಲೂ ಓಡುವ ಕುರ್ಚಿಗಳನ್ನು ರೂಪಿಸಿದರು. ಕೂತು ನೋಡುವವರೇ ಮಾಡಿದ್ದರಿಂದ ತಪ್ಪು ಬೇಗ ತಿಳಿಯುತ್ತಿತ್ತು.

ನಿಮ್ಮ ವೆಲ್ಡಿಂಗ್ ಕೈಗೆ ಕೆಲಸ ಬೇಕಾದಷ್ಟಿದೆ. ಮುಂಚಕ್ರದ ಬೇರಿಂಗ್ ಸವೆದು, ಬ್ರೇಕ್ ಹಿಡಿಯದೆ, ಕಾಲಿಡುವ ಪಟ್ಟಿ ಮುರಿದು ಮನೆಯಲ್ಲಿ ಬಿದ್ದಿರುವ ಒಳ್ಳೆಯ ವೀಲ್‌ಚೇರ್‌ಗಳನ್ನು ರಿಪೇರಿ ಮಾಡಿ. ಬಾಗಿಲಿಗೆ ರ‍್ಯಾಂಪ್ ಹಾಕಿಕೊಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ, ಅಂದರೆ 15 ಸೆಂಟಿಮೀಟರ್ ಮೆಟ್ಟಿಲಿಗೆ 180 ಸೆಂಟಿಮೀಟರ್. ಜಾಗ ಸಾಲದೆಂದು ಇಳಿಜಾರನ್ನು ಕಡಿದಾಗಿಸಿದರೆ ಹಿಂದಕ್ಕೆ ಮಗುಚುವ ಭಯವಿದೆ. ಅಂಚಿನಲ್ಲಿ ಚಕ್ರ ಜಾರದಂತೆ ತಡೆಪಟ್ಟಿ ಇರಲಿ.

ಪ್ರಶ್ನೆ: ಕಳೆದ ವರ್ಷ ನಾವು ಹಲವರಿಗೆ ಸಾಧನ ಮಾಡಿಕೊಟ್ಟೆವು. ಈಗ ಹೋಗಿ ನೋಡಿದರೆ ಎಷ್ಟೋ ಸಾಧನಗಳು ಮೂಲೆ ಸೇರಿವೆ. ಸ್ವಯಂಸೇವಕರಿಗೆ ಬೇಸರವಾಗಿದೆ. ಎಲ್ಲಿ ತಪ್ಪಿದೆವು?

ಹೋಗಿ ನೋಡಿದಿರಲ್ಲ, ಎಷ್ಟೋ ತಂಡಗಳು ಅಷ್ಟನ್ನೂ ಮಾಡುವುದಿಲ್ಲ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 227 ಬಳಕೆದಾರರನ್ನು ವಿಚಾರಿಸಿದಾಗ, ಪಡೆದ ಸಾಧನಗಳಲ್ಲಿ 29.3 ಶೇಕಡಾ ಪೂರ್ತಿ ಕೈಬಿಟ್ಟವಾಗಿದ್ದವು. ಆರಿಸುವಾಗ ಬಳಸುವವರ ಅಭಿಪ್ರಾಯ ಕೇಳದಿರುವುದು, ಸಾಧನ ಸರಿಯಾಗಿ ಕೆಲಸ ಮಾಡದಿರುವುದು, ಅಗತ್ಯವೇ ಬದಲಾಗಿರುವುದು ಇದಕ್ಕೆ ಕಾರಣಗಳು. ಸುಲಭವಾಗಿ ಸಿಕ್ಕ ಸಾಧನವನ್ನು ಸುಲಭವಾಗಿ ಬಿಡುತ್ತಾರೆ ಎಂದೂ ಆ ಅಧ್ಯಯನ ಕಂಡುಕೊಂಡಿತು. ಪುಕ್ಕಟೆ ಕೊಡುವ ನಾವೆಲ್ಲ ಇದನ್ನು ಎರಡು ಸಲ ಓದಬೇಕು.

ಅಗತ್ಯ ದೊಡ್ಡದು ನಿಜ. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರ ವರದಿಯಲ್ಲಿ ಹೇಳಿವೆ, ಕನ್ನಡಕವೂ ಅದರಲ್ಲಿ ಸೇರಿದೆ. ಇಂಥ ಅಂಕಿ ಕಂಡಾಗ ನೂರು ಮಾಡೋಣ, ಸಾವಿರ ಹಂಚೋಣ ಎನ್ನಿಸುತ್ತದೆ. ಆದರೆ ಸ್ವಯಂಸೇವಕರ ಬಲ ಇರುವುದು ಒಬ್ಬರಿಗೆ ಒಂದರಂತೆ ಅಳತೆಗೆ ತಕ್ಕ ಹಾಗೆ ಮಾಡುವುದರಲ್ಲಿ. ಬ್ರಿಟನ್ನಿನ ರಿಮ್ಯಾಪ್ ಎಂಬ ಸ್ವಯಂಸೇವಕರ ಸಂಸ್ಥೆ 1964ರಿಂದ ಇದನ್ನೇ ಮಾಡುತ್ತಿದೆ. ಮಾರುಕಟ್ಟೆಯಲ್ಲಿ ಸಿಗದೆ ಇರುವುದನ್ನು ಮಾತ್ರ, ಆ ವ್ಯಕ್ತಿಗೆಂದೇ ತಯಾರಿಸುತ್ತಾರೆ.

ಆದ್ದರಿಂದ ಮೂಲೆ ಸೇರಿದ ಒಂದೊಂದು ಸಾಧನವನ್ನೂ ಎತ್ತಿಕೊಂಡು, ಬೇಸರ ತೋರಿಸದೆ ಕೇಳಿ: ಹಾಕಿಕೊಳ್ಳಲು ಇನ್ನೊಬ್ಬರ ಸಹಾಯ ಬೇಕಿತ್ತೇ? ಒತ್ತುತ್ತಿತ್ತೇ? ನಾಚಿಕೆ ಆಗುತ್ತಿತ್ತೇ? ಉಪಕಾರ ಮಾಡಿದವರ ಮುಂದೆ ಜನ "ಚೆನ್ನಾಗಿದೆ" ಎಂದೇ ಹೇಳುತ್ತಾರೆ, ಅದಕ್ಕೇ ಮಾಡಿದವರು ಹೋಗುವ ಬದಲು ತಂಡದ ಬೇರೊಬ್ಬರು ಹೋಗುವುದು ಒಳ್ಳೆಯದು. ವೈಕಲ್ಯ ಇರುವ ಒಬ್ಬರು ಜೊತೆಗಿದ್ದರೆ ಇನ್ನೂ ಮನಬಿಚ್ಚಿ ಮಾತಾಡುತ್ತಾರೆ. ಅಗತ್ಯ ತೀರಿದ್ದರಿಂದ ಬಿಟ್ಟಿದ್ದರೆ ಅದು ಸೋಲಲ್ಲ. ವಾಪಸ್ ತಂದು, ಇನ್ನೊಬ್ಬರ ಅಳತೆಗೆ ಹೊಂದಿಸಬಹುದೇ ನೋಡಿ.

ಮುಂದಿನ ಸಲ ಸಾಧನ ಕೊಡುವ ದಿನವೇ ಎರಡು ವಾರದ ನಂತರದ ಭೇಟಿಯನ್ನೂ ಗೊತ್ತುಮಾಡಿ, ಹಾಳಾದರೆ ಯಾರಿಗೆ ಫೋನ್ ಮಾಡಬೇಕೆಂದು ಸಾಧನದ ಮೇಲೇ ಬರೆದುಕೊಡಿ. ವಿನ್ಯಾಸವನ್ನು ಬೇರೆ ತಂಡಗಳ ಜೊತೆ ಹಂಚಿಕೊಳ್ಳುವಾಗ ಅಳತೆ, ಸಾಮಗ್ರಿಗಳ ಜೊತೆಗೆ ಅದು ಯಾರಿಗೆ ಹೊಂದಲಿಲ್ಲ, ಎಲ್ಲಿ ಮುರಿಯಿತು ಎಂಬುದನ್ನೂ ಸೇರಿಸಿ.