ಅಣಬೆಗೂ ಲೈಟ್ ಬೇಕಾ?

ಪ್ರಶ್ನೆ: ಕತ್ತಲೆ ಕೋಣೆಯಲ್ಲಿ ಚಿಪ್ಪಣಬೆ ಬೆಳೆಸುತ್ತಿದ್ದೇನೆ. ಕಾಂಡ ಉದ್ದ, ಟೋಪಿ ಪುಟಾಣಿ. ಎಲ್‌ಇಡಿ ಹಾಕಿದರೆ ಸರಿಹೋಗುತ್ತಾ?

ಉತ್ತರ: ಹೋಗಬಹುದು, ಆದರೆ ಮೊದಲು ಕೋಣೆಯಲ್ಲಿ ಗಾಳಿ ಆಡುತ್ತಿದೆಯಾ ನೋಡಿ. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೂ ಕಾಂಡ ಹೀಗೇ ಉದ್ದವಾಗುತ್ತದೆ, ಆಗ ಎಷ್ಟು ಬಲ್ಬ್ ಹಾಕಿದರೂ ಸುಮ್ನೆ ಕರೆಂಟ್ ಬಿಲ್ ಅಷ್ಟೇ. ಅಣಬೆ ಗಿಡವಲ್ಲ ಅಲ್ವಾ, ಅದರ ಊಟ ಚೀಲಕ್ಕೆ ತುಂಬಿದ ಹುಲ್ಲಿನಲ್ಲೇ ಇದೆ. ಬೆಳಕು ಅದಕ್ಕೆ ಬರೀ ಸೂಚನೆ. ಚೀಲದಲ್ಲಿ ಬಿಳಿ ಬೂಸು (ಅಣಬೆಯದೇ ಎಳೆಗಳು) ಪೂರ್ತಿ ಹರಡುವ ತನಕ ಕತ್ತಲೆಯೇ ಇರಲಿ. ಆಮೇಲೆ ದಿನಕ್ಕೆ 8ರಿಂದ 12 ಗಂಟೆ, ಪುಸ್ತಕ ಓದುವಷ್ಟು ಬೆಳಕು ಸಾಕು. ಅಣಬೆ ಹೆಚ್ಚಾಗಿ ಸ್ಪಂದಿಸುವುದು ನೀಲಿ ಬೆಳಕಿಗೆ, ಅದು ಮಾಮೂಲಿ ಬಿಳಿ ಎಲ್‌ಇಡಿಯಲ್ಲೂ ಇರುತ್ತದೆ, ಹಾಗಾಗಿ ಗಿಡ ಬೆಳೆಸಲೆಂದೇ ಮಾರುವ ದುಬಾರಿ ಗ್ರೋ ಲೈಟ್ ಯಾಕೆ? ಬಟನ್ ಅಣಬೆಗಾದರೆ ಇದೂ ಬೇಡ.